ಬಿಳಿ ಶೂ ಮತ್ತು ಪೊರಕೆಕಡ್ಡಿ

ಆ ಶನಿವಾರ ನಾನು ಮಾಡಿದ ಕೆಲಸಗಳು ಇಷ್ಟು. ಬೆಳಗ್ಗೆ ನಲ್ಲಿ ನಿಲ್ಲುವುದರೊಳಗೆ ಎಂಟು ಕೊಡ ನೀರು ಹಿಡಿದೆ. ಹಾಲಿನ ಬೂತಿನಲ್ಲಿ ಖಾಲಿ ಸೀಸೆ ಕೊಟ್ಟು ತುಂಬಿದ ಸೀಸೆ ತಂದೆ. ಬಚ್ಚಲಿನ ಹೊಟ್ಟಿನ ಒಲೆಗೆ ನಡುವೆ ಕೋಲು ನಿಲ್ಲಿಸಿ ಸುತ್ತ ಮರದ ಹೊಟ್ಟನ್ನು ಗಟ್ಟಿಯಾಗಿ ತುಂಬಿದೆ. ತಂಗಿ ಪುಟ್ಟಿಗೆ ಎರಡು ಜಡೆ ಹಾಕಿದೆ. ಅರ್ಧ ದಿನದ ಶಾಲೆಗೆ ಹೋಗಿಬಂದೆ. ಅಜ್ಜಿಯ ಪಕ್ಕ ಕೂತು ಅಕ್ಕಿಯಲ್ಲಿ ಕಲ್ಲು ಆರಿಸಿದೆ. ಒಣಗಿದ ಬಟ್ಟೆ ತಂದು ಮಡಿಚಿಟ್ಟೆ. ಸಂಜೆ ಅಪ್ಪ ಕೈಕಾಲು ತೊಳೆಯಲು ಬಚ್ಚಲಿಗೆ ಹೋದಾಗ, ಗೋಡೆಯ ಕನ್ನಡಿಯ ಹಿಂದೆ ಅವರು ಸಿಕ್ಕಿಸಿಟ್ಟಿದ್ದ ಪೊರಕೆಕಡ್ಡಿಯನ್ನು ಮೆಲ್ಲಗೆ ಎಳೆದು, ಅವರದೇ ಹಳೆಯ ಬ್ಲೇಡಿನಿಂದ ಅದರ ದಪ್ಪ ತುದಿಯಲ್ಲಿ ಒಂದು ಹೆಬ್ಬೆರಳಿನ ಅಗಲದಷ್ಟು ಕತ್ತರಿಸಿ, ಉಳಿದದ್ದನ್ನು ಮೊದಲಿದ್ದ ಜಾಗದಲ್ಲೇ ಇಟ್ಟೆ.

ಆ ಕಡ್ಡಿ ನನ್ನ ಪಾದದ ಅಳತೆ. ಅರ್ಧ ಗಂಟೆಯ ಮುಂಚೆ ಅಪ್ಪ ನನ್ನನ್ನು ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ, ತೆಂಗಿನಕಡ್ಡಿ ಪೊರಕೆಯಿಂದ ನೇರವಾದ ಒಂದು ಕಡ್ಡಿ ಹಿರಿದು, ದಪ್ಪ ತುದಿಯನ್ನು ಗೋಡೆಗೆ ಇಟ್ಟು, ಸಣ್ಣ ತುದಿಯನ್ನು ನನ್ನ ಹೆಬ್ಬೆಟ್ಟಿನ ಉಗುರಿನ ನೇರಕ್ಕೆ ಕತ್ತರಿಸಿದ್ದರು. ನಮ್ಮ ಮನೆಯಲ್ಲಿ ಮಕ್ಕಳ ಪಾದರಕ್ಷೆ ಕೊಳ್ಳುತ್ತಿದ್ದದ್ದೇ ಹೀಗೆ. ಅಂಗಡಿಗೆ ಹೋಗುತ್ತಿದ್ದದ್ದು ಕಡ್ಡಿ, ನಾವಲ್ಲ. ಅದಕ್ಕೆ ಅಪ್ಪನ ಹತ್ತಿರ ಕಾರಣವಿತ್ತು.

"ಮಕ್ಕಳನ್ನ ಕರ್ಕೊಂಡು ಹೋದ್ರೆ ಅಂಗಡಿಯವನು ಶೂ ನೋಡಿ ಬೆಲೆ ಹೇಳಲ್ಲ, ಮಗು ಮುಖ ನೋಡಿ ಹೇಳ್ತಾನೆ. ಕಡ್ಡಿಗೆ ಮುಖ ಇಲ್ವಲ್ಲ!"

ನಮ್ಮದು ರಾಜಾಜಿನಗರದ ಒಂದು ವಠಾರ. ಒಂದೇ ಸಾಲಿನಲ್ಲಿ ಆರು ಮನೆ, ಮುಂದೆ ಉದ್ದಕ್ಕೂ ಕಲ್ಲು ಹಾಸಿದ ಓಣಿ, ಓಣಿಯ ಕೊನೆಗೆ ನಲ್ಲಿ. ಮೂರನೆಯ ಮನೆ ನಮ್ಮದು. ಮುಂದೊಂದು ನಡುಮನೆ, ಹಿಂದೆ ಅಡುಗೆಮನೆ, ಅದರ ಮೂಲೆಗೆ ಬಚ್ಚಲು. ನಡುಮನೆಯಲ್ಲಿ ಹಗಲಲ್ಲಿ ಒಂದು ಮೇಜು, ಎರಡು ಕುರ್ಚಿ, ಅಜ್ಜಿಯ ಟ್ರಂಕು. ರಾತ್ರಿ ಅವೆಲ್ಲ ಗೋಡೆಗೆ ಸರಿದು ಐದು ಹಾಸಿಗೆ. ಅಪ್ಪ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದರು. ಲೇತಿನಿಂದ ಇಳಿದು ಬಂದ ಕಬ್ಬಿಣದ ಬಿಡಿಭಾಗಗಳನ್ನು ಒಂದೊಂದಾಗಿ ಅಳೆದು, ಸರಿ ಇದ್ದದ್ದನ್ನು ಎಡಗಡೆಯ ಟ್ರೇಗೂ ತಪ್ಪಿದ್ದನ್ನು ಬಲಗಡೆಯ ಟ್ರೇಗೂ ಹಾಕುವುದು ಅವರ ದಿನದ ಕೆಲಸ. ಕೂದಲೆಳೆಯಂಥ ಗೆರೆಗಳನ್ನು ದಿನವಿಡೀ ಓದಿ ಬರುವ ಆ ಕಣ್ಣು ಮನೆಯಲ್ಲೂ ಸುಮ್ಮನಿರುತ್ತಿರಲಿಲ್ಲ. ಕ್ಯಾಲೆಂಡರು ಒಂದು ಕೂದಲು ವಾಲಿದ್ದರೂ ಅವರಿಗೆ ಊಟ ಸೇರದು. ಬಾಗಿಲ ಚೌಕಟ್ಟಿನ ಮೇಲೆ ನನ್ನ ಮತ್ತು ಪುಟ್ಟಿಯ ಎತ್ತರದ ಗೆರೆಗಳು ಪ್ರತಿ ಯುಗಾದಿಗೆ ಒಂದೊಂದು ಏರುತ್ತಿದ್ದವು. ಕಿಟಕಿಯ ಪರದೆಗೆ ಬಟ್ಟೆ ತರಲು ಹೊರಟಾಗ ಅಮ್ಮ ಮೊಳ ಹಾಕಿದರೆ, "ಮೊಳ ಯಾರದು, ನಿಂದೋ ಅಂಗಡಿಯವನದೋ?" ಎಂದು ಕೇಳಿ ದಾರ ಹಿಡಿದು ನಿಲ್ಲುತ್ತಿದ್ದರು. ಅಳತೆ ಎಂದರೆ ಅವರಿಗೆ ಕೊಟ್ಟ ಮಾತಿನ ಹಾಗೆ.

ಆದರೆ ಮಕ್ಕಳ ಪಾದದ ವಿಷಯದಲ್ಲಿ ಮಾತ್ರ ಅವರು ತಮ್ಮ ಅಳತೆಗೆ ತಾವೇ ಒಂದು ಸೇರಿಸುತ್ತಿದ್ದರು. ಅಂಗಡಿಯಲ್ಲಿ ಶೂವಿನೊಳಗೆ ಕಡ್ಡಿ ಇಟ್ಟು, ಅದರ ಮುಂದೆ ತಮ್ಮ ಹೆಬ್ಬೆರಳು ಅಡ್ಡ ಹಿಡಿದು, ಅಷ್ಟು ಜಾಗ ಉಳಿದರೆ ಮಾತ್ರ ಕೊಳ್ಳುವುದು. ಬೆಳೆಯುವ ಕಾಲು, ಎರಡು ವರ್ಷವಾದರೂ ಬರಬೇಕಲ್ಲ. ಮೊದಲ ವರ್ಷ ಮುಂದೆ ಹತ್ತಿ ತುರುಕಿಕೊಳ್ಳುವುದು, ಎರಡನೆಯ ವರ್ಷ ಹತ್ತಿ ತೆಗೆಯುವುದು. ಏಳನೆಯ ಕ್ಲಾಸಿನ ಶಾಲಾ ಪಂದ್ಯದ ದಿನ ನಾನು ಹತ್ತಿ ತುಂಬಿದ ಶೂ ಹಾಕಿಕೊಂಡೇ ಓಡಿದ್ದೆ. ಅರ್ಧ ದಾರಿಯಲ್ಲಿ ಬಲಗಾಲಿನ ಶೂ ಹಿಂದೆ ಉಳಿಯಿತು, ನಾನು ಮುಂದೆ ಹೋದೆ. ಹತ್ತಿಯ ಉಂಡೆ ಮೈದಾನದಲ್ಲಿ ಉರುಳಿದ್ದನ್ನು ಕಂಡು ಇಡೀ ಶಾಲೆ ನಕ್ಕಿತು. "ಹತ್ತಿ ಗಿರಿಜಾ" ಎಂಬ ಹೆಸರು ಒಂದು ವರ್ಷ ನನ್ನ ಜೊತೆ ನಡೆಯಿತು.

ಈಗ ಎಂಟನೆಯ ಕ್ಲಾಸು. ಊರಿನ ಬೇರೆ ಬೇರೆ ಶಾಲೆಯ ಹುಡುಗಿಯರೆಲ್ಲ ಸೇರುವ ಪಂದ್ಯಕ್ಕೆ ಇನ್ನೂರು ಮೀಟರಿಗೆ ನನ್ನ ಹೆಸರು ಬಂದಿತ್ತು. ಆ ಮೈದಾನದಲ್ಲಿ ಕಲ್ಲಿದ್ದಲಿನ ಬೂದಿ ಹಾಸಿರುತ್ತಾರೆ, ಬರಿಗಾಲಿನವರನ್ನು ಬಿಡುವುದಿಲ್ಲ, ಬಿಳಿ ಕ್ಯಾನ್ವಾಸ್ ಶೂ ಇಲ್ಲದಿದ್ದರೆ ಮುಂದಿನ ಹುಡುಗಿಗೆ ಅವಕಾಶ ಎಂದು ಡ್ರಿಲ್ ಮಿಸ್ಸು ಚೀಟಿ ಬರೆದು ಕೊಟ್ಟಿದ್ದರು. ಚೀಟಿಯನ್ನು ನಾನು ಎರಡು ದಿನ ಲಂಗದ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಮೂರನೆಯ ದಿನ ಅಮ್ಮ ಬಟ್ಟೆ ಒಗೆಯುವಾಗ ಸಿಕ್ಕಿತು.

ಆಮೇಲೆ ಒಂದು ವಾರ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಶೂವಿನದೇ ಮಾತು. ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಓಡುವುದಕ್ಕೆ ಕಾಲಿಗೊಂದು ಹೊದಿಕೆ ಬೇಕೆಂಬುದೇ ವಿಚಿತ್ರ.

"ನಾನು ತುಮಕೂರು ಕಡೆ ಹೊಲದಲ್ಲಿ ಹಸು ಕರ ಅಟ್ಟಿಸ್ಕೊಂಡು ಓಡ್ತಿದ್ದೆ. ಕರಕ್ಕೂ ಶೂ ಇರ್ಲಿಲ್ಲ, ನನಗೂ ಇರ್ಲಿಲ್ಲ."

"ಆ ಕರ ಸಿಕ್ತಾ ಅಜ್ಜಿ?" ಎಂದಳು ಐದು ವರ್ಷದ ಪುಟ್ಟಿ.

"ಸುಮ್ನೆ ಮುದ್ದೆ ನುಂಗು."

ಅಮ್ಮನ ಲೆಕ್ಕಾಚಾರ ಬೇರೆ. ಬಿಳಿ ಶೂ ಬೇಡ, ಮೂರು ದಿನಕ್ಕೆ ಮಣ್ಣು ಬಣ್ಣ. ಕಂದು ಬಣ್ಣದ್ದು ತಂದರೆ ಕೊಳೆ ಕಾಣದು. ಅದಕ್ಕಿಂತ ಬಕಲ್ಲಿನ ಕಪ್ಪು ಚರ್ಮದ್ದು ತಂದರೆ ಮದುವೆ ಮನೆಗೂ ಆಗುತ್ತದೆ. ಅಪ್ಪ ಎಲ್ಲರ ಮಾತನ್ನೂ ಕೇಳಿ, ಕೊನೆಗೆ ತಟ್ಟೆಯ ಅಂಚಿಗೆ ಬೆರಳಿಟ್ಟು ಹೇಳಿದರು:

"ನೋಡ್ರಿ, ಒಂದು ಶೂ ಮೂರು ಕೆಲಸ ಮಾಡ್ಬೇಕು. ಇನ್ನೂರು ಮೀಟರ್ ಓಡ್ಬೇಕು. ದಿನಾ ಶಾಲೆಗೆ ಹೋಗ್ಬೇಕು. ಹಾಲಿನ ಬೂತಿಗೂ ಹೋಗ್ಬೇಕು. ಚರ್ಮದ್ದು ಓಡಲ್ಲ. ಕಂದು ಬಣ್ಣದ್ದನ್ನ ಮಿಸ್ಸು ಒಪ್ಪಲ್ಲ. ಬಿಳೀದೇ ತರೋದು, ಕೊಳೆ ಆದ್ರೆ ಸೀಮೆಸುಣ್ಣ ಬಳಿಯೋದು."

ಆಮೇಲೆ ಅವರು ದಿನಾ ಕಾರ್ಖಾನೆಯಿಂದ ಬರುವಾಗ ಒಂದೊಂದು ಅಂಗಡಿ ನೋಡಿಕೊಂಡು ಬಂದರು. ಒಂದು ದಿನ ಮೆಜೆಸ್ಟಿಕ್ಕಿನ ಫುಟ್‌ಪಾತು: ಅಲ್ಲಿಯ ಶೂ ಅಗ್ಗ, ಆದರೆ ಅಡಿ ಬಗ್ಗಿಸಿದರೆ ಬಗ್ಗಿದ ಹಾಗೇ ನಿಲ್ಲುತ್ತದೆ, ರಬ್ಬರು ಹಳೆಯದು, ಮೂಸಿದರೆ ಸೈಕಲ್ ಟ್ಯೂಬಿನ ವಾಸನೆ. ಇನ್ನೊಂದು ದಿನ ದೊಡ್ಡ ಗಾಜಿನ ಅಂಗಡಿ: ಅಡಿ ಚೆನ್ನಾಗಿದೆ, ಹಿಮ್ಮಡಿಯ ಕಡೆ ಒಳಗೆ ಮೆತ್ತಗಿನ ಪಟ್ಟಿ ಇದೆ, ಆದರೆ ಬೆಲೆ ಕೇಳಿದರೆ ಬಾಯಿ ಒಣಗುತ್ತದೆ. ಮೂರನೆಯದು ಚಿಕ್ಕಪೇಟೆಯ ಒಂದು ಸಂದಿಯ ಅಂಗಡಿ. ಅಲ್ಲಿ ಅದೇ ಒಳ್ಳೆಯ ಶೂಗಳಲ್ಲಿ ಲೇಸು ಪೋಣಿಸುವ ತೂತು ಒಂದು ಕಡೆ ಸ್ವಲ್ಪ ಮೇಲೆ ಕೆಳಗೆ ಆಗಿದ್ದವನ್ನು ಬೇರೆ ಮಾಡಿ ಕಡಿಮೆ ಬೆಲೆಗೆ ಮಾರುತ್ತಿದ್ದರು. "ಅಲ್ಲೂ ನನ್ನಂಥೋನು ಯಾವನೋ ಕೂತು ಬಲಗಡೆ ಟ್ರೇಗೆ ಹಾಕಿದಾನೆ," ಎಂದು ಅಪ್ಪ ನಕ್ಕರು. "ತೂತು ಓರೆಯಾದ್ರೆ ಕಾಲಿಗೇನು? ಅಡಿ ನೇರ ಇದೆ. ಅದೇ ನಮ್ಮ ಶೂ."

ಎಲ್ಲ ಸರಿಯಾಗಿಯೇ ಇತ್ತು. ಉಳಿದ ಹೆದರಿಕೆ ನನ್ನದೊಂದೇ: ಆ ಹೆಬ್ಬೆರಳು. ಶೂ ಎಷ್ಟೇ ಒಳ್ಳೆಯದಿದ್ದರೂ ಮುಂದೆ ಹತ್ತಿ ತುರುಕಿಕೊಂಡೇ ಓಡಬೇಕು, ಅದು ಮತ್ತೆ ಕಳಚಿಕೊಂಡೇ ಹೋಗುತ್ತದೆ, ಈ ಸಲ ನಗುವವರು ಒಂದು ಶಾಲೆಯವರಲ್ಲ, ಹತ್ತು ಶಾಲೆಯವರು. ಅಪ್ಪನಿಗೆ ಹೇಳಬಹುದಿತ್ತು. ಹೇಳಿದರೆ "ಎರಡು ವರ್ಷ ಬರ್ಬೇಕು ಕಣಮ್ಮ" ಎಂಬ ಉತ್ತರ ನನಗೆ ಮೊದಲೇ ಕೇಳಿಸುತ್ತಿತ್ತು. ಅದಕ್ಕೇ ಅವರು ಸೇರಿಸುವ ಹೆಬ್ಬೆರಳನ್ನು ನಾನು ಮೊದಲೇ ಕಳೆದುಬಿಟ್ಟೆ. ಕತ್ತರಿಸಿದ ತುಂಡನ್ನು ಬಿಸಾಡಲು ಮಾತ್ರ ಧೈರ್ಯವಾಗಲಿಲ್ಲ. ಪೊರಕೆಕಡ್ಡಿ ಮನೆಯಲ್ಲಿ ಅಲ್ಲಿಲ್ಲಿ ಬಿದ್ದಿದ್ದರೆ ಜಗಳವಾಗುತ್ತದೆಂದು ಅಜ್ಜಿ ಕಣ್ಣಲ್ಲಿ ಕಣ್ಣಿಟ್ಟು ಹುಡುಕಿ ಹೆಕ್ಕುತ್ತಿದ್ದರು. ಸಿಕ್ಕರೆ ಯಾರು ಮುರಿದರು ಎಂಬ ವಿಚಾರಣೆ. ತುಂಡನ್ನು ನನ್ನ ಕಾಂಪಾಸ್ ಪೆಟ್ಟಿಗೆಯಲ್ಲಿ ರಬ್ಬರಿನ ಕೆಳಗೆ ಇಟ್ಟೆ.

ಸೋಮವಾರ ಸಂಜೆ ಅಪ್ಪ ಕಂಕುಳಲ್ಲಿ ರಟ್ಟಿನ ಡಬ್ಬ ಇಟ್ಟುಕೊಂಡು ಬಂದರು. ಕಾಫಿಯನ್ನೂ ಕುಡಿಯದೆ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ತಾವೇ ನೆಲದ ಮೇಲೆ ಕೂತು ಲೇಸು ಬಿಚ್ಚಿದರು. ಶೂ ಅಷ್ಟು ಬೆಳ್ಳಗಿತ್ತು, ಮುಟ್ಟಲು ಕೈ ಹೆದರಿತು. ಕಾಲು ಒಳಗೆ ಹೋಯಿತು, ಹಿಮ್ಮಡಿ ಮಾತ್ರ ಇಳಿಯಲೊಲ್ಲದು. ಅಪ್ಪ ಹಿಂದಿನಿಂದ ಬೆರಳು ಹಾಕಿ ಎಳೆದರು. ಇಳಿಯಿತು. ಬೆರಳುಗಳೆಲ್ಲ ಒಳಗೆ ಒಂದರ ಮೇಲೊಂದು ಹತ್ತಿ ಕೂತವು.

"ಹೇಗಿದೆ? ಈ ಸಲ ಹೆಬ್ಬೆರಳು ಇಟ್ಟಿಲ್ಲ, ಗೊತ್ತಾ! ಬಸ್ ಸ್ಟಾಪಲ್ಲಿ ನಿಮ್ಮ ಡ್ರಿಲ್ ಮಿಸ್ಸು ಸಿಕ್ಕಿದ್ರು. ಓಡೋರಿಗೆ ಅಳತೆಗೆ ಸರಿಯಾಗಿ ಇರ್ಬೇಕು ಸಾರ್, ದೊಡ್ಡದು ತರ್ಬೇಡಿ ಅಂದ್ರು. ಸರಿ, ಎರಡು ವರ್ಷ ಬರದೇ ಇದ್ರೂ ಪರವಾಗಿಲ್ಲ, ಒಂದು ವರ್ಷ ಚೆನ್ನಾಗಿ ಓಡ್ಲಿ ಅಂತ ಕಡ್ಡಿ ಎಷ್ಟಿತ್ತೋ ಅಷ್ಟೇ ತಂದೆ. ಈಗ ನಿನಗೆ ಹತ್ತಿ ಬೇಡ."

ಅವರ ಮುಖ ನನ್ನ ಮಂಡಿಯ ಹತ್ತಿರವಿತ್ತು. ಹೇಳುವುದಿದ್ದರೆ ಅದೇ ಗಳಿಗೆ. ನಾನು ಹೇಳಲಿಲ್ಲ.

"ಸರಿಯಾಗಿದೆ ಅಪ್ಪ."

"ಓಡಿ ತೋರ್ಸು."

ವಠಾರದ ಓಣಿಯಲ್ಲಿ ನಲ್ಲಿಯವರೆಗೆ ಓಡಿ, ತಿರುಗಿ ಬಂದೆ. ಆರು ಮನೆಯವರೂ ಬಾಗಿಲಿಗೆ ಬಂದು ನೋಡಿದರು. ಅಪ್ಪ ಕೈಕಟ್ಟಿ ನಿಂತು ನನ್ನ ಕಾಲನ್ನೇ ನೋಡುತ್ತಿದ್ದರು. ನಾನು ಹಲ್ಲು ಕಾಣುವ ಹಾಗೆ ನಗುತ್ತಲೇ ಇದ್ದೆ.

ಮಂಗಳವಾರ, ಬುಧವಾರ ಶಾಲೆ ಬಿಟ್ಟ ಮೇಲೆ ಕಾರ್ಡ್ ರೋಡಿನ ಆಚೆ ಓಡುವ ಅಭ್ಯಾಸ. ಅಲ್ಲಿ ಆಗಿನ್ನೂ ಮನೆಗಳಿರಲಿಲ್ಲ, ಸೈಟಿನ ಕಲ್ಲುಗಳಿದ್ದವು, ನಂಬರು ಬರೆದವು. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಓಡುವುದು. ಬರಿಗಾಲಲ್ಲಿ ಹನ್ನೆರಡು ಕಲ್ಲು ದಾಟುತ್ತಿದ್ದ ನಾನು ಆರನೆಯ ಕಲ್ಲಿಗೇ ಕೂತುಬಿಟ್ಟೆ. ಬುಧವಾರ ಸಂಜೆ ಬಲಗಾಲಿನ ಹೆಬ್ಬೆಟ್ಟಿನ ಉಗುರು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಶೂ ಮನೆಗೆ ಬಂದಾಗಿನಿಂದ ನನಗೆ ಎರಡು ಲೆಕ್ಕ: ಪಂದ್ಯಕ್ಕೆ ಇನ್ನು ಎಷ್ಟು ದಿನ, ಅಪ್ಪ ಮನೆಗೆ ಬರಲು ಇನ್ನು ಎಷ್ಟು ಹೊತ್ತು. ಎರಡೂ ಹತ್ತಿರ ಬರುವುದು ಬೇಡ ಅನ್ನಿಸುತ್ತಿತ್ತು.

ಮೊದಲು ಕಂಡುಹಿಡಿದದ್ದು ಅಜ್ಜಿ. ಗುರುವಾರ ನಾನು ಹಿಮ್ಮಡಿ ಊರಿ ನಡೆಯುವುದನ್ನು ನೋಡಿ, ಕೈಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಇದೇನೇ ಇದು, ಉಗುರು ಕರ್ರಗೆ? ಶೂ ಕಚ್ತಾ ಇದೆಯಾ?"

"ಸ್ವಲ್ಪ ಅಜ್ಜಿ. ಅಪ್ಪಂಗೆ ಹೇಳ್ಬೇಡ. ಇಷ್ಟು ಅಂಗಡಿ ತಿರುಗಿ ತಂದಿದಾರೆ."

ಅಜ್ಜಿ ಯೋಚನೆ ಮಾಡಿ, ಡಬ್ಬದಿಂದ ಮೂರು ಹಿಡಿ ಕಡಲೆಕಾಳು ತೆಗೆದು ನೀರಿಗೆ ಹಾಕಿದರು. ಸಂಜೆ, ಅವು ಇನ್ನೂ ಅರ್ಧ ನೆನೆದಿರುವಾಗಲೇ, ಎರಡು ಒದ್ದೆ ಬಟ್ಟೆಯ ಚೀಲಕ್ಕೆ ತುಂಬಿ ಶೂಗಳ ಬಾಯಿಗೆ ತುರುಕಿ ಟ್ರಂಕಿನ ಹಿಂದೆ ಇಟ್ಟರು.

"ಕಾಳು ಒಳಗೇ ಊದ್ಕೊಂಡು ಚರ್ಮ ಬಿಗಿದಿದ್ರೆ ಸಡಿಲ ಮಾಡುತ್ತೆ. ನಿಮ್ಮ ತಾತನ ಚಡಾವು ಮೆಟ್ಟಿಗೆ ಹೀಗೇ ಮಾಡ್ತಿದ್ದೆ. ಬೆಳಗ್ಗೆ ನೋಡು."

ಬೆಳಗ್ಗೆ ನೋಡಿದ್ದು ಅಮ್ಮ. ಕಸ ಗುಡಿಸುವಾಗ ಟ್ರಂಕು ಸರಿಸಿದರೆ, ಹೊಸ ಶೂ ಒದ್ದೆಯಾಗಿ, ಹೊಟ್ಟೆ ಉಬ್ಬಿಸಿಕೊಂಡು, ಪಕ್ಕದ ಹೊಲಿಗೆ ನಾಲ್ಕು ಎಳೆ ಬಿಟ್ಟುಕೊಂಡು ಕೂತಿದೆ. ಒಳಗಿನಿಂದ ಕಡಲೆಕಾಳು ಇಣುಕುತ್ತಿದೆ.

"ಅಯ್ಯೋ ಶಿವನೇ! ರೀ, ಬನ್ರೀ ಇಲ್ಲಿ! ಇದ್ಯಾರ್ರೀ ಶೂಗೆ ಕಾಳು ಹಾಕಿರೋದು?"

"ನಾನೇ ಕಣಮ್ಮ," ಎಂದರು ಅಜ್ಜಿ. "ಕೂಗ್ಬೇಡ. ಮಗು ಕಾಲು ನೋಡು ಮೊದ್ಲು."

ಶೂ ಅಗಲಕ್ಕೆ ಹಿಗ್ಗಿತ್ತು, ಉದ್ದಕ್ಕೆ ಒಂದು ಕೂದಲೂ ಹಿಗ್ಗಿರಲಿಲ್ಲ. ಮುಂದಿನ ರಬ್ಬರು ಚರ್ಮವಲ್ಲವಲ್ಲ. ಅಪ್ಪ ಮುಖಕ್ಕೆ ಸೋಪು ಹಚ್ಚಿಕೊಂಡಿದ್ದವರು ಹಾಗೇ ಬಂದರು. ಅರ್ಧ ಮುಖ ಬಿಳಿ. ನನ್ನ ಉಗುರು ನೋಡಿದರು. ಕನ್ನಡಿಯ ಹಿಂದಿನಿಂದ ಕಡ್ಡಿ ತೆಗೆದರು. ಯಾವ ಅಳತೆಯನ್ನೂ ಅವರು ಎಸೆದವರಲ್ಲ. ನನ್ನನ್ನು ಗೋಡೆಗೆ ನಿಲ್ಲಿಸಿದರು. ಕಡ್ಡಿ ಇಟ್ಟರು. ನನ್ನ ಹೆಬ್ಬೆಟ್ಟು ಕಡ್ಡಿಯನ್ನು ದಾಟಿ ಮುಂದೆ ನಿಂತಿತ್ತು. ಎತ್ತಿ ಮತ್ತೆ ಇಟ್ಟರು. ಇನ್ನೊಂದು ಕಾಲಿಗೆ ಇಟ್ಟರು.

"ನಾನೇ ಅಳೆದದ್ದು," ಎಂದರು, ಯಾರಿಗೂ ಅಲ್ಲದ ಹಾಗೆ. "ಆರು ದಿನದಲ್ಲಿ ಕಾಲು ಬೆಳೆಯಲ್ಲ. ಒಂದು ಹೆಬ್ಬೆರಳು ತಪ್ಪಿದೀನಿ. ಕೂದಲೆಳೆ ಅಲ್ಲ, ಹೆಬ್ಬೆರಳು."

ಬೈಯುತ್ತಾರೆಂದು ಕಾದಿದ್ದೆ. ಬೈದಿದ್ದರೆ ಅಳುತ್ತಾ ಹೇಳಿಬಿಡುತ್ತಿದ್ದೆನೇನೋ. ಅವರು ಕಡ್ಡಿಯನ್ನು ಕನ್ನಡಿಯ ಹಿಂದೆ ಇಟ್ಟು, ಕನ್ನಡಿಯಲ್ಲಿ ತಮ್ಮ ಕಣ್ಣನ್ನೇ ಹತ್ತಿರದಿಂದ ನೋಡಿಕೊಂಡು, ಬಚ್ಚಲಿಗೆ ಹೋದರು.

ಅದೇಕೆ ಹಾಗೆ ನೋಡಿಕೊಂಡರೆಂದು ನನಗೆ ತಿಳಿದದ್ದು ಅಂದು ಸಂಜೆ, ಅಮ್ಮ ಒಲೆಯ ಮುಂದೆ ಅಜ್ಜಿಗೆ ಹೇಳಿದಾಗ. ಕಾರ್ಖಾನೆಯಿಂದ ಹೋದ ಒಂದು ಪೆಟ್ಟಿಗೆ ಮಾಲು ಅಳತೆ ತಪ್ಪಿದೆಯೆಂದು ವಾಪಸು ಬಂದಿತ್ತಂತೆ. ತಪಾಸಣೆಯ ನಾಲ್ವರಲ್ಲಿ ಯಾರ ಕೈ ದಾಟಿದ್ದೆಂದು ಗೊತ್ತಿಲ್ಲ. ಮುಂದಿನ ವಾರ ನಾಲ್ವರಿಗೂ ಕಣ್ಣಿನ ಪರೀಕ್ಷೆ. ಕಣ್ಣು ಸಾಲದವರಿಗೆ ತಪಾಸಣೆಯ ಮೇಜು ಇಲ್ಲ, ಪ್ಯಾಕಿಂಗಿಗೆ ಹೋಗಬೇಕು. "ನನ್ನ ಕೈ ದಾಟಿರೋಕೆ ಸಾಧ್ಯವೇ ಇಲ್ಲ ಅಂತ ಇವ್ರು ಅಂದ್ಕೊಂಡಿದ್ರು, ಅತ್ತೆ," ಎಂದಳು ಅಮ್ಮ. "ಈಗ ಮಗೂ ಕಾಲೇ ತಪ್ಪಿದ ಮೇಲೆ, ಆ ಮಾಲೂ ನಂದೇ ಇರ್ಬೇಕು ಅಂತಿದಾರೆ."

ಶನಿವಾರ ಅಪ್ಪ ಕಾರ್ಖಾನೆಯಿಂದ ಬಂದ ಮೇಲೆ ನಾನು ಅವರನ್ನು ಕದ್ದು ನೋಡಿದೆ. ಅವರು ಪೇಪರನ್ನು ಒಮ್ಮೆ ದೂರ ಹಿಡಿದರು, ಒಮ್ಮೆ ಹತ್ತಿರ ಹಿಡಿದರು. ಒಂದು ಕಣ್ಣು ಮುಚ್ಚಿ ಎದುರು ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರ ಓದಿದರು, ಆಮೇಲೆ ಇನ್ನೊಂದು ಕಣ್ಣು ಮುಚ್ಚಿದರು. ಅಮ್ಮನ ಕೈಯಿಂದ ಸೂಜಿ ಇಸಿದುಕೊಂಡು ದಾರ ಪೋಣಿಸಿದರು. ಮೊದಲ ಸಲಕ್ಕೇ ಹೋಯಿತು. ಅದನ್ನು ನಂಬದೆ ಎಳೆದು ಮತ್ತೆ ಪೋಣಿಸಿದರು. ಊಟದ ಹೊತ್ತಿಗೆ ವಾಲಿದ್ದ ಕ್ಯಾಲೆಂಡರನ್ನು ನೋಡಿದರು, ಎದ್ದು ಸರಿಮಾಡಲಿಲ್ಲ. ಅಷ್ಟೇ. ಅದನ್ನು ನೋಡಿ ನನಗೆ ಆದ ಭಯ, ಪಂದ್ಯದ ಭಯಕ್ಕಿಂತ ದೊಡ್ಡದು. ನಮ್ಮ ಮನೆಯಲ್ಲಿ ಏನೋ ಒಂದು ಓರೆಯಾಗಿ ನೇತಾಡುತ್ತಿದೆ, ಅಪ್ಪ ಅದನ್ನು ಹಾಗೇ ಬಿಟ್ಟಿದ್ದಾರೆ.

ಹೇಳಬೇಕೆಂದು ನಾನು ಎಷ್ಟು ಸಲ ಹತ್ತಿರ ಹೋದೆನೋ. ನೀರು ಕೊಡುವ ನೆಪ, ಪೇಪರ್ ಮಡಿಚುವ ನೆಪ. ಪ್ರತಿ ಸಲ ಅವರು ತಲೆಯೆತ್ತಿ "ಕಾಲು ನೋವಾ?" ಎಂದು ಕೇಳುತ್ತಿದ್ದರು. ನಾನು "ಇಲ್ಲ ಅಪ್ಪ" ಎಂದು ವಾಪಸು ಬರುತ್ತಿದ್ದೆ. ಇವತ್ತಿಗೂ ನಾನು ತಪ್ಪು ಮಾಡಿದಾಗ ಬೈಯುವವರಿಗೆ ಹೆದರುವುದಿಲ್ಲ, ತಪ್ಪು ತಮ್ಮದೆಂದು ಒಪ್ಪಿಕೊಂಡು ಮೆಲ್ಲಗೆ ಮಾತಾಡುವವರಿಗೆ ಹೆದರುತ್ತೇನೆ.

ಭಾನುವಾರ ಸಂಜೆ ದೀಪ ಹಚ್ಚಿ, ಎಲ್ಲರೂ ವಿಭೂತಿ ಇಟ್ಟುಕೊಂಡ ಮೇಲೆ, ಅಪ್ಪ ನನ್ನನ್ನು ಮೇಜಿನ ಹತ್ತಿರ ಕರೆದರು. ಮುಂದೆ ಒಂದು ಬಿಳಿ ಹಾಳೆ ಇಟ್ಟರು.

"ಗಿರಿಜಾ, ನಿನ್ನ ಅಕ್ಷರ ದುಂಡಗಿದೆ. ಒಂದು ಅರ್ಜಿ ಬರ್ಕೊಡು. ಕನ್ನಡದಲ್ಲೇ ಬರಿ, ಮ್ಯಾನೇಜರು ಓದ್ತಾರೆ."

"ಏನಂತ ಅಪ್ಪ?"

"ಮಾನ್ಯರೇ ಅಂತ ಹಾಕು. ನನ್ನ ದೃಷ್ಟಿ ಇತ್ತೀಚೆಗೆ ಕುಂದಿರುವುದರಿಂದ..."

ಅಡುಗೆಮನೆಯ ಬಾಗಿಲಿಗೆ ಅಮ್ಮ ಬಂದು ನಿಂತಳು. ಕೈಯಲ್ಲಿ ಮುದ್ದೆ ತಿರುವುವ ಕೋಲು.

"ರೀ, ಪರೀಕ್ಷೆ ಆಗ್ಲಿ, ಆಮೇಲೆ ನೋಡೋಣ ಅಂದ್ನಲ್ಲ."

"ಪರೀಕ್ಷೆಯಲ್ಲಿ ಗೋಡೆ ಮೇಲಿನ ಅಕ್ಷರ ಓದ್ಬಿಡ್ತೀನಿ ಕಣೇ. ಅದು ಗೊತ್ತು ನಂಗೆ. ಓದಿ ಪಾಸಾಗಿ, ಮತ್ತೆ ಮೇಜಿಗೆ ಕೂತು, ಇನ್ನೊಂದು ಪೆಟ್ಟಿಗೆ ತಪ್ಪು ಮಾಲು ಕಳಿಸ್ಲಾ? ಮಗೂ ಕಾಲನ್ನ ಎದುರಿಗೇ ಕೂತು ಅಳೆದೋನು ನಾನು. ನಾನೇ ಕೇಳ್ಕೊಂಡು ಪ್ಯಾಕಿಂಗಿಗೆ ಹೋಗ್ತೀನಿ. ಅದೇ ಮರ್ಯಾದೆ. ಬರಿಯಮ್ಮ."

ನಾನು ಪೆನ್ನಿನ ಮುಚ್ಚಳ ತೆಗೆದೆ. ಮಾನ್ಯರೇ ಎಂದು ಬರೆದೆ. ಅಕ್ಷರ ದುಂಡಗೆ ಬರಲಿಲ್ಲ.

"ಅಂಚಿಗೆ ಗೆರೆ ಹಾಕ್ಕೊಂಡಿಲ್ಲ ನೋಡು," ಎಂದರು ಅಪ್ಪ. "ನೇರ ಬರಲ್ಲ ಹಾಗೆ. ಸ್ಕೇಲ್ ತಗೋ."

ಸ್ಕೇಲು ಕಾಂಪಾಸ್ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆ ತಂದು ಮುಚ್ಚಳ ತೆರೆದೆ. ರಬ್ಬರು ಸರಿಸಿದೆ. ಸ್ಕೇಲನ್ನು ತೆಗೆಯಲಿಲ್ಲ. ಅದರ ಕೆಳಗಿದ್ದ ಕಡ್ಡಿಯ ತುಂಡನ್ನು ತೆಗೆದು ಬಿಳಿ ಹಾಳೆಯ ಮೇಲೆ, ಮಾನ್ಯರೇ ಎಂಬುದರ ಪಕ್ಕದಲ್ಲಿ ಇಟ್ಟೆ.

ಅಪ್ಪ ಅದನ್ನು ನೋಡಿದರು. ನನ್ನನ್ನು ನೋಡಿದರು. ನಾನು ಒಂದೇ ಉಸಿರಿಗೆ ಹೇಳಿದೆ. ಹತ್ತಿ, ಹೆಬ್ಬೆರಳು, ಬ್ಲೇಡು, ನೀವು ಬಚ್ಚಲಿಗೆ ಹೋದಾಗ. ಎಲ್ಲಿ ಮುಗಿಸಬೇಕೆಂದು ತಿಳಿಯದೆ "ಹತ್ತಿ ಗಿರಿಜಾ ಅಂತಾರೆ ಅಪ್ಪ" ಎಂದು ಇನ್ನೊಂದು ಸಲ ಹೇಳಿದೆ. ಅವರು ಎದ್ದು ಕನ್ನಡಿಯ ಹಿಂದಿನಿಂದ ಕಡ್ಡಿ ತಂದರು. ಹಾಳೆಯ ಮೇಲೆ ಎರಡನ್ನೂ ತುದಿಗೆ ತುದಿ ತಾಗಿಸಿ ಇಟ್ಟರು. ಕಡ್ಡಿಯ ಬೆನ್ನಿನ ಮೇಲಿದ್ದ ಸಣ್ಣ ಕಪ್ಪು ಗೆರೆಯೊಂದು ತುಂಡಿನ ಮೇಲೂ ಕಡ್ಡಿಯ ಮೇಲೂ ಒಂದೇ ಸಾಲಾಗಿ ಓಡಿತು. ಆ ಗೆರೆಯನ್ನು ದೀಪದ ಬೆಳಕಿನಲ್ಲಿ ನಿಂತಲ್ಲಿಂದಲೇ ಅವರು ಕಂಡರು. ನಾನು ಬಗ್ಗಿ ನೋಡಬೇಕಾಯಿತು.

"ಗೋಡೆಗೆ ನಿಂತ್ಕೋ."

ನಿಂತೆ. ಜೋಡಿಸಿದ ಕಡ್ಡಿಯನ್ನು ಬೆರಳಲ್ಲಿ ಒತ್ತಿಹಿಡಿದು ನನ್ನ ಪಾದದ ಪಕ್ಕಕ್ಕೆ ಇಟ್ಟರು. ಉಗುರಿನ ನೇರಕ್ಕೆ, ಅತ್ತಿಲ್ಲ ಇತ್ತಿಲ್ಲ, ನಿಂತಿತು. ಅವರು ಮಂಡಿಯೂರಿದ್ದ ಹಾಗೇ ಬಹಳ ಹೊತ್ತು ಅದನ್ನು ನೋಡುತ್ತಿದ್ದರು.

"ಸರಿ ಇದೆ," ಎಂದರು. ಮತ್ತೊಮ್ಮೆ, ಅಮ್ಮನ ಕಡೆ ತಿರುಗಿ, "ಅಳತೆ ಸರಿ ಇದೆ ಕಣೇ."

ಅಮ್ಮ ಕೋಲು ಎತ್ತಿಕೊಂಡೇ ನನ್ನ ಕಡೆ ಬಂದಳು. "ಏನೇ ನಿನಗೆ? ಎರಡು ದಿನದಿಂದ ಮನುಷ್ಯ ಸರಿಯಾಗಿ ಉಂಡಿಲ್ಲ, ನೀನು ಕಡ್ಡಿ ಬಚ್ಚಿಟ್ಕೊಂಡು ಓಡಾಡ್ತಿದೀಯಾ?"

"ಬಿಡೇ. ಕೋಲಿಂದ ಹಿಟ್ಟು ಬೀಳ್ತಿದೆ ನೋಡು," ಎಂದರು ಅಪ್ಪ. ಆಮೇಲೆ ನನಗೆ, ಕೂಗದೆ, ಆದರೆ ನಾನು ಎಂದೂ ಕೇಳದಿದ್ದ ಗಟ್ಟಿ ಧ್ವನಿಯಲ್ಲಿ:

"ಶೂ ದೊಡ್ಡದು ಬೇಡ ಅಂತ ಜಗಳ ಆಡು. ಅಳು. ಊಟ ಬಿಡು. ಕಡ್ಡಿ ಮಾತ್ರ ಮುಟ್ಬೇಡ. ತಿಳೀತಾ? ಅಳತೆ ಮೇಲೆ ನಾನು ನಿಂತಿದೀನಿ ಕಣಮ್ಮ."

"ತಿಳೀತು ಅಪ್ಪ."

"ನಾನೂ ಹೆಬ್ಬೆರಳು ಸೇರಿಸ್ತಿದ್ದೆ, ಅದೂ ತಪ್ಪೇ," ಎಂದರು. "ಅಳತೆ ಅಂದ್ಮೇಲೆ ಸೇರಿಸೋದೂ ಇಲ್ಲ, ಕಳೆಯೋದೂ ಇಲ್ಲ."

ಅರ್ಜಿಯ ಹಾಳೆಯನ್ನು ಅವರು ಹರಿಯಲಿಲ್ಲ. ಬರೆದದ್ದು ಒಂದೇ ಪದವಲ್ಲವೇ. ಅಷ್ಟನ್ನು ಕತ್ತರಿಸಿ ಉಳಿದದ್ದನ್ನು ಅಮ್ಮನಿಗೆ ಸಾಮಾನಿನ ಚೀಟಿಗೆ ಕೊಟ್ಟರು. ಶೂ ಅಂಗಡಿಗೆ ವಾಪಸು ಹೋಗುವ ಹಾಗಿರಲಿಲ್ಲ. ಮಣ್ಣು ಮೆಟ್ಟಿತ್ತು, ಕಾಳು ನುಂಗಿತ್ತು, ಹೊಲಿಗೆ ಬಿಟ್ಟಿತ್ತು. ಅಪ್ಪ ಅದನ್ನು ಮೇಜಿನ ಮೇಲೆ ಇಟ್ಟುಕೊಂಡು, ಮುಂದಿನ ರಬ್ಬರಿನ ಮೇಲೆ ಪೆನ್ಸಿಲಿನಿಂದ ಅರ್ಧಚಂದ್ರದ ಗೆರೆ ಎಳೆದು, ಚೂಪಾದ ಚಾಕುವಿನಿಂದ ಎರಡೂ ಶೂಗಳ ಮೂತಿಯನ್ನು ಕೊಯ್ದು ತೆಗೆದರು. ಎರಡೂ ಕೊಯ್ತ ಒಂದರ ಮೇಲೊಂದು ಇಟ್ಟರೆ ಒಂದೇ. ಅಂಚಿಗೆ ಅಮ್ಮ ಹಳೆಯ ಬಿಳಿ ಸೀರೆಯ ಪಟ್ಟಿ ಮಡಿಚಿ ಹೊಲಿದಳು, ಇಡೀ ಹೊತ್ತು ನನ್ನನ್ನು ಬೈಯುತ್ತಲೇ. ಹಾಕಿಕೊಂಡರೆ ಐದು ಬೆರಳೂ ಹೊರಗೆ ಬಂದು ಸುತ್ತ ನೋಡುತ್ತಿದ್ದವು. ಪುಟ್ಟಿ ನಕ್ಕು ನಕ್ಕು ಅಜ್ಜಿಯ ಮೇಲೆ ಬಿದ್ದಳು.

ಆ ಶೂವಿನಲ್ಲೇ ನಾನು ಓಡಿದ್ದು. ಬೂದಿಯ ಮೈದಾನದಲ್ಲಿ ಬೆರಳ ಸಂದಿಗೆಲ್ಲ ಕಪ್ಪು ಸೇರಿತು. ನಾಲ್ಕನೆಯವಳಾಗಿ ಬಂದೆ, ನಾಲ್ಕನೆಯವರಿಗೆ ಬಹುಮಾನವಿಲ್ಲ. ಆದರೆ ಶೂ ಕಾಲಿನಲ್ಲೇ ಇತ್ತು. ಆ ಮೂತಿಯಿಲ್ಲದ ಶೂ ಎರಡೂವರೆ ವರ್ಷ ಶಾಲೆಗೂ ಹಾಲಿನ ಬೂತಿಗೂ ಹೋಯಿತು. ಮುಂದೆ ಬೆಳೆಯಲು ಜಾಗವಿತ್ತಲ್ಲ.

ಆ ಭಾನುವಾರ ಊಟಕ್ಕೆ ರಾಗಿಮುದ್ದೆ, ಕಡಲೆಕಾಳಿನ ಸಾರು, ಬೆಳಗಿನ ಅನ್ನಕ್ಕೆ ಮಜ್ಜಿಗೆ. ಸಾರು ನೋಡಿದ ಕೂಡಲೇ ಪುಟ್ಟಿ ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು.

"ಇದು ಶೂ ಕಾಳು. ನಂಗೆ ಬೇಡ."

"ಶೂ ಕಾಳು ಹಸು ತಿಂದಾಯ್ತು ಕಣೇ, ಇದು ಡಬ್ಬದ್ದು," ಎಂದರು ಅಜ್ಜಿ. ನಂಬದೆ ಅವಳು ಒಂದೊಂದೇ ಕಾಳು ಆರಿಸಿ ನನ್ನ ತಟ್ಟೆಗೆ ಹಾಕಿದಳು. ನಾನು ಎಲ್ಲವನ್ನೂ ತಿಂದೆ. ಅಪ್ಪ ಎರಡು ಮುದ್ದೆ ಉಂಡರು. ಕೈತೊಳೆದು ಬಂದು, ಕ್ಯಾಲೆಂಡರಿನ ಮುಂದೆ ನಿಂತು, ಕೆಳಗಿನ ಮೂಲೆಯನ್ನು ಬೆರಳ ತುದಿಯಿಂದ ಇಷ್ಟೇ ಇಷ್ಟು ಎಡಕ್ಕೆ ಸರಿಸಿದರು. ಅಮ್ಮ ಇನ್ನೂ ಪಾತ್ರೆ ತಿಕ್ಕುತ್ತಿದ್ದಳು, ಅಜ್ಜಿ ಹಾಸಿಗೆ ಬಿಚ್ಚುತ್ತಿದ್ದರು, ಪುಟ್ಟಿ ಕೊಯ್ದ ರಬ್ಬರಿನ ಮೂತಿಗಳನ್ನು ಬೆರಳಿಗೆ ಟೋಪಿ ಮಾಡಿಕೊಂಡು ಆಡುತ್ತಿದ್ದಳು. ಅಷ್ಟರಲ್ಲಿ ಗೋಡೆಯ ಪಕ್ಕದಿಂದ ಗೊರಕೆ ಕೇಳಿಸಿತು. ಅವತ್ತು ನಮ್ಮೆಲ್ಲರಿಗಿಂತ ಮೊದಲು ನಿದ್ದೆ ಹೋದವರು ಅಪ್ಪ.